ರಕ್ತ ಬರುವ ವಸಡನ್ನು ಬಿಟ್ಟು ಉಜ್ಜಬೇಡಿ

ಮಲ್ಪೆ ಬಂದರಿನ ಹಿರಿಯರೇ, ಅಕ್ಕಂದಿರೇ, ಬೋಟಿನಿಂದ ಇಳಿದು ನೇರವಾಗಿ ಇಲ್ಲಿಗೆ ಬಂದಿರುವ ಅಣ್ಣಂದಿರೇ,

ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಂಡರೆ ಹೆಚ್ಚಿನವರು ಆ ಜಾಗವನ್ನು ಬಿಟ್ಟು ಉಳಿದ ಕಡೆ ಉಜ್ಜುತ್ತಾರೆ. ಗಾಯವಾಗಿದೆ, ಮುಟ್ಟುವುದು ಬೇಡ ಎಂಬ ಲೆಕ್ಕ. ಆದರೆ ಸಾಮಾನ್ಯವಾಗಿ ಅದು ಬ್ರಷ್ಷಿನಿಂದ ಆದ ಗಾಯವಲ್ಲ. ಹಲ್ಲು, ವಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಅಂಟು ಪದರ ಕುಳಿತು ವಸಡು ಊದಿಕೊಂಡಿರುತ್ತದೆ. ಅಲ್ಲಿ ಉಜ್ಜುವುದನ್ನು ಬಿಟ್ಟರೆ ಪದರ ಇನ್ನೂ ದಪ್ಪವಾಗುತ್ತದೆ. ಮೃದು ಬ್ರಷ್ ಹಿಡಿದು ಅಲ್ಲಿಯೇ ಉಜ್ಜಬೇಕು.

1965ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಆರೋಗ್ಯವಂತ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಆಳಸಮುದ್ರಕ್ಕೆ ಹೋದ ಬೋಟು ದಡಕ್ಕೆ ಮರಳಲು ಎಷ್ಟು ದಿನ ಬೇಕು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಬೋಟಿನಲ್ಲಿ ಸಿಹಿನೀರಿಗೆ ಲೆಕ್ಕವಿರುತ್ತದೆ, ಒಪ್ಪುತ್ತೇನೆ. ಹಲ್ಲುಜ್ಜಲು ಒಂದು ಲೋಟ ಸಾಕು.

ಉಜ್ಜದೆ ಬಿಟ್ಟ ಪದರ ಕೆಲವೇ ದಿನಗಳಲ್ಲಿ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿ ಕಿಟ್ಟವಾಗುತ್ತದೆ. ದೋಣಿಯ ತಳಕ್ಕೆ ಹಿಡಿದ ಚಿಪ್ಪಿನಂತೆ ಅದನ್ನು ಕೆರೆದೇ ತೆಗೆಯಬೇಕು. ಇದೇ ಸ್ಕೇಲಿಂಗ್. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಕಿಟ್ಟ ಹೋದಾಗ ಅದು ತುಂಬಿಕೊಂಡಿದ್ದ ಸಂದು ಕಾಣುತ್ತದೆ, ಅಷ್ಟೇ. ಹಲ್ಲನ್ನು ಸಡಿಲ ಮಾಡುವುದು ವಸಡಿನ ರೋಗ ಬೆಳೆದು ಒಳಗೊಳಗೆ ಕರಗುವ, ಹಲ್ಲನ್ನು ಹಿಡಿದಿಟ್ಟ ಎಲುಬು. ಆರೋಗ್ಯವಂತ ವಸಡಿನ ಅಂಚಿನಲ್ಲಿ ನಾವು ದಂತವೈದ್ಯರು ಬಳಸುವ ಅಳತೆಕಡ್ಡಿ 1ರಿಂದ 3 ಮಿಲಿಮೀಟರ್ ಇಳಿಯುತ್ತದೆ. ಅದಕ್ಕಿಂತ ಆಳವಾದ ಪೊಳ್ಳಾಗಿದ್ದರೆ ಬೇರಿನವರೆಗೂ ಶುಚಿ ಮಾಡಬೇಕು, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಊದಿದ ವಸಡು ಮೊದಲಿನಂತಾಗಬಹುದು. ಕರಗಿದ ಎಲುಬು ತಾನಾಗಿ ಮರಳುವುದಿಲ್ಲ. ಹೆಚ್ಚಾಗಿ ಈ ರೋಗಕ್ಕೆ ನೋವೂ ಇಲ್ಲ.

ಬೀಡಿ, ಸಿಗರೇಟು ಸೇದುವವರಿಗೆ ಇನ್ನೊಂದು ಮೋಸವಿದೆ. ಅವರ ವಸಡಿನಲ್ಲಿ ರಕ್ತ ಬರುವುದೇ ಕಡಿಮೆ, ಒಳಗೆ ರೋಗ ಬೆಳೆದಿದ್ದರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ವಸಡು ಬೇಗ ಕೆಡುತ್ತದೆ. ಕೆಟ್ಟ ವಸಡು ಸಕ್ಕರೆಯನ್ನೂ ಹತೋಟಿಗೆ ಬರಗೊಡುವುದಿಲ್ಲ.

ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಅಂಚಿನಲ್ಲಿ ಸಣ್ಣದಾಗಿ ಅಲುಗಿಸುತ್ತ ಎರಡು ನಿಮಿಷ ಉಜ್ಜಿ. ದಿನಕ್ಕೆ ಎರಡು ಸಲ, ರಾತ್ರಿಯದನ್ನು ತಪ್ಪಿಸಬೇಡಿ. ಸಂದುಗಳಿಗೆ ದಾರ ಅಥವಾ ಸಣ್ಣ ಸಂದಿಬ್ರಷ್ ಬಳಸಿ. ಅಜ್ಜಿಯ ಕಾಲದ ಮಾವಿನ ಎಲೆಯ ಮೇಲೆ ನನಗೆ ಜಗಳವಿಲ್ಲ, ಆದರೆ ಅದು ಸಂದಿಗೆ ಇಳಿಯುವುದಿಲ್ಲ. ಇದ್ದಿಲಪುಡಿಯನ್ನು ಮಾತ್ರ ಬಿಟ್ಟುಬಿಡಿ, ಹಲ್ಲು ಸವೆಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಜೂನ್ ಮೊದಲ ವಾರದಲ್ಲೇ ತೋರಿಸಿ. ಸ್ಕೇಲಿಂಗ್ ಆಗಿ, ಕೆಲವು ವಾರ ಬಿಟ್ಟು ಮರುಪರೀಕ್ಷೆ ಮಾಡಲು ಆ 61 ದಿನ ಧಾರಾಳವಾಯಿತು. ಮಣಿಪಾಲದ ದಂತ ಕಾಲೇಜಿನಲ್ಲಿ ವಸಡಿಗೆಂದೇ ವಿಭಾಗವಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.