ಸೊನ್ನೆಯೊಳಗಿನ ಚುಕ್ಕೆ

ಕೇಳುಗರಿಗೆ ನಮಸ್ಕಾರ. ಕಣ್ಣಿನಿಂದ ನೋಡಬೇಕಾದ ಅಕ್ಷರಗಳ ಬಗ್ಗೆ ಕಿವಿಗೆ ಹೇಳಲು ಹೊರಟಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ಪ್ರೋಗ್ರಾಂ ಬರೆಯಲು ಕಲಿತ ಹೊಸತರಲ್ಲಿ ಒಂದಿಡೀ ಮಧ್ಯಾಹ್ನ ಕಳೆದುಕೊಂಡಿದ್ದೆ. ಪ್ರೋಗ್ರಾಂನಲ್ಲಿ ನಾನು ಬಳಸಿದ್ದ ಒಂದು ಹೆಸರನ್ನು ಹಿಡಿದು, ಅಂಥ ಹೆಸರೇ ಇಲ್ಲ ಎಂದು ಕಂಪ್ಯೂಟರ್ ಹಟ ಹಿಡಿದಿತ್ತು. ಹೆಸರು ನನ್ನ ಕಣ್ಣೆದುರೇ ಇತ್ತು. ಹತ್ತು ಸಲ ಓದಿದ ಮೇಲೆ ಗೊತ್ತಾಯಿತು, ಇಂಗ್ಲಿಷಿನ ಸಣ್ಣ ಎಲ್ ಇರಬೇಕಾದ ಜಾಗದಲ್ಲಿ ಒಂದು ಎಂಬ ಅಂಕಿ ಕುಳಿತಿತ್ತು. ಆ ಫಾಂಟಿನಲ್ಲಿ, ಅಂದರೆ ಅಕ್ಷರಗಳ ಆ ವಿನ್ಯಾಸದಲ್ಲಿ, ಎರಡೂ ಬರೀ ನೆಟ್ಟಗಿನ ಕಡ್ಡಿಗಳು. ತಪ್ಪು ನನ್ನ ಬೆರಳಿನದೇ. ಅದನ್ನು ಬಚ್ಚಿಟ್ಟದ್ದು ಮಾತ್ರ ಅಕ್ಷರದ ರೂಪ.

ಹಳೆಯ ಎಷ್ಟೋ ಬೆರಳಚ್ಚು ಯಂತ್ರಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಸಣ್ಣ ಎಲ್ ಒತ್ತಿದರೆ ಸಾಕಿತ್ತು. ಓದುವವರು ಮನುಷ್ಯರಾದ್ದರಿಂದ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರಿಗೆ ಆ ಔದಾರ್ಯವಿಲ್ಲ.

ಕೋಡ್ ಬರೆಯುವವರು ಬಳಸುವ ಮಾನೋಸ್ಪೇಸ್ ಫಾಂಟ್, ಅಂದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಕೊಡುವ ಫಾಂಟ್, ಬಂದಿರುವುದೂ ಆ ಬೆರಳಚ್ಚು ಯಂತ್ರದಿಂದಲೇ. ಯಾವ ಕೀಲಿ ಒತ್ತಿದರೂ ಕಾಗದ ಅಷ್ಟೇ ದೂರ ಸರಿಯುತ್ತಿತ್ತು. ಐಬಿಎಂ ಕಂಪನಿಗಾಗಿ 1955ರಲ್ಲಿ ಹೋವರ್ಡ್ ಕೆಟ್ಲರ್ ರೂಪಿಸಿದ ಕೊರಿಯರ್ ಈ ಬಗೆಯದು. ಇಂಗ್ಲಿಷಿನ ತೆಳ್ಳಗಿನ ಐಗೂ ದಪ್ಪನೆಯ ಎಂಗೂ ಒಂದೇ ಅಳತೆಯ ಖಾನೆ. ಐಗೆ ಆ ಜಾಗ ಹೆಚ್ಚಾಗುತ್ತದೆ, ಹಾಗಾಗಿ ಅದರ ಬುಡಕ್ಕೆ ಅಗಲವಾದ ಪಾದ ಜೋಡಿಸುತ್ತಾರೆ. ಎಂಗೆ ಇಕ್ಕಟ್ಟಾಗುತ್ತದೆ, ಮೂರು ಕಾಲುಗಳನ್ನು ಒತ್ತರಿಸಿ ನಿಲ್ಲಿಸಬೇಕು, ಕೆಲವರು ನಡುವಿನ ಕಾಲನ್ನೇ ಮೊಟಕು ಮಾಡುತ್ತಾರೆ. ವಿನ್ಯಾಸಕಾರನ ಕೈಚಳಕ ತಿಳಿಯುವುದು ಇಲ್ಲಿಯೇ. ನಮ್ಮ ಲಿಪಿಯ ರ ಮತ್ತು ಮೌ ಎರಡನ್ನೂ ಹೀಗೆ ಒಂದೇ ಖಾನೆಯಲ್ಲಿ ಕೂರಿಸುವ ಪಾಡನ್ನು ನೀವೇ ಊಹಿಸಿಕೊಳ್ಳಿ!

ಪರದೆಯ ಮೇಲೆ ಸರಿಯುವ ಕಾಗದವಿಲ್ಲ, ಆದರೂ ಈ ಕಟ್ಟುಪಾಡು ಉಳಿದಿದೆ. ಅಂಕಿಗಳ ಮೇಲೆ ಅಂಕಿಗಳು ಸರಿಯಾಗಿ ಕೂರುತ್ತವೆ. ಪೈಥಾನ್ ಭಾಷೆಯಲ್ಲಂತೂ ಸಾಲಿನ ಆರಂಭದ ಖಾಲಿ ಜಾಗಕ್ಕೇ ಅರ್ಥವಿದೆ, ಅದು ಒಂದು ಖಾನೆ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಬೀಳಬೇಕು.

ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಇರುವ ಜಗಳವನ್ನು ಒಬ್ಬೊಬ್ಬರು ಒಂದೊಂದು ರೀತಿ ಬಗೆಹರಿಸಿದ್ದಾರೆ. ಕನ್ಸೋಲಾಸ್ ಎಂಬ ಫಾಂಟ್ ಸೊನ್ನೆಗೆ ಅಡ್ಡಗೆರೆ ಎಳೆಯುತ್ತದೆ. ಅಡೋಬಿ ಕಂಪನಿ 2012ರಲ್ಲಿ ಹೊರತಂದ ಸೋರ್ಸ್ ಕೋಡ್ ಪ್ರೊ ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕೆ ಇಡುತ್ತದೆ. ನನಗೆ ಚುಕ್ಕೆಯೇ ಇಷ್ಟ, ಗೆರೆ ಎಳೆದ ಸೊನ್ನೆ ಹೊಡೆದುಹಾಕಿದಂತೆ ಕಾಣುತ್ತದೆ. ಫಿರಾ ಕೋಡ್‌ನಂಥ ಫಾಂಟುಗಳು ಎರಡು ಮೂರು ಚಿಹ್ನೆಗಳನ್ನು ಬೆಸೆದು ಒಂದಾಗಿ ತೋರಿಸುತ್ತವೆ. ಅದನ್ನು ಮೆಚ್ಚುವವರು ಬಹಳ. ನಾನು ಎರಡು ಒತ್ತಿದ್ದರೆ ನನಗೆ ಎರಡೇ ಕಾಣಬೇಕು.

ಹೊಸ ಫಾಂಟ್ ಸಿಕ್ಕಾಗ ಸೊನ್ನೆ, ಓ, ಒಂದು, ಸಣ್ಣ ಎಲ್, ದೊಡ್ಡ ಐ, ಇಷ್ಟನ್ನೂ ಸಾಲಾಗಿ ಒತ್ತುತ್ತೇನೆ. ಗಾತ್ರ ಇಳಿಸುತ್ತೇನೆ, ಕುರ್ಚಿಯನ್ನು ಒಂದು ಮೊಳ ಹಿಂದೆ ತಳ್ಳುತ್ತೇನೆ, ಕನ್ನಡಕ ತೆಗೆಯುತ್ತೇನೆ. ಆಗಲೂ ಐದೂ ಬೇರೆಬೇರೆಯಾಗಿ ಕಂಡರೆ ಫಾಂಟ್ ಉಳಿಯುತ್ತದೆ. ನಮಸ್ಕಾರ.