ಕೇಟ್ ವಿನ್ಸ್ಲೆಟ್: ಟೈಟಾನಿಕ್ ಹತ್ತೋಕೆ ಮುಂಚೆ

[ಪರದೆ: ಸ್ಯಾಂಡ್‌ವಿಚ್ ಮಾಡ್ತಿರೋ ಎರಡು ಕೈ. ಫೋನ್ ಸದ್ದು.]

ಲಂಡನ್ನಿನ ಒಂದು ತಿಂಡಿ ಅಂಗಡಿ. ಕೌಂಟರ್ ಹಿಂದೆ ಒಬ್ಬಳು ಹುಡುಗಿ ಗಿರಾಕಿಗೆ ಸ್ಯಾಂಡ್‌ವಿಚ್ ಮಾಡ್ತಾ ಇದ್ದಾಳೆ. ಫೋನ್ ಬರುತ್ತೆ. ನ್ಯೂಜಿಲೆಂಡಿನ ಒಂದು ಸಿನಿಮಾಕ್ಕೆ ಆಡಿಷನ್ ಕೊಟ್ಟು ಬಂದಿದ್ದಳು, ಆ ಪಾತ್ರ ಸಿಕ್ಕಿದೆ ಅಂತ ಸುದ್ದಿ. ಹುಡುಗಿ ಅಲ್ಲೇ ಅತ್ತುಬಿಡ್ತಾಳೆ. ಆಗ ಅವಳ ವಯಸ್ಸು 17. ಹೆಸರು ಕೇಟ್ ವಿನ್ಸ್ಲೆಟ್.

ನಮಸ್ಕಾರ. ಮೊದಲೇ ಒಂದು ಮಾತು. ಇವತ್ತಿನ ಕೇಟ್ ವಿನ್ಸ್ಲೆಟ್‌ಗೆ 'ಅವರು' ಅಂತಲೇ ಹೇಳಬೇಕು. ಆದರೆ ನಾನು ಹೇಳೋಕೆ ಹೊರಟಿರೋದು ಇಪ್ಪತ್ತೆರಡು ದಾಟದ ಒಂದು ಹುಡುಗಿಯ ಕಥೆ. ಅದಕ್ಕೇ 'ಅವಳು' ಅಂತೀನಿ, ತಪ್ಪು ತಿಳ್ಕೋಬೇಡಿ.

ನಮ್ಮಲ್ಲಿ ತುಂಬ ಜನಕ್ಕೆ ಕೇಟ್ ಅಂದರೆ ಟೈಟಾನಿಕ್ ಹಡಗಿನ ರೋಸ್. ಅಲ್ಲೇ ಶುರು, ಅಲ್ಲೇ ಮುಗೀತು. ನನಗೆ ಕುತೂಹಲ ಇರೋದು ಆ ಹಡಗು ಹತ್ತೋಕೆ ಮುಂಚಿನ ಆರೇಳು ವರ್ಷದ ಬಗ್ಗೆ. ಅಷ್ಟೂ ವರ್ಷ ಈ ಹುಡುಗಿ ಒಂದೇ ಕೆಲಸ ಮಾಡಿದ್ದು: ಬಾಯಿಬಿಟ್ಟು ಕೇಳಿದ್ದು. ಕೇಳಿದ್ದು ಅನ್ನೋದಕ್ಕಿಂತ, ಹಠ ಹಿಡಿದಿದ್ದು.

[ಪರದೆ: ಇಂಗ್ಲೆಂಡ್ ನಕ್ಷೆ. ರೆಡಿಂಗ್ ಊರಿನ ಮೇಲೆ ಚುಕ್ಕೆ.]

ಹುಟ್ಟಿದ್ದು 1975ರ ಅಕ್ಟೋಬರ್ 5, ಲಂಡನ್ನಿನ ಪಶ್ಚಿಮಕ್ಕಿರೋ ರೆಡಿಂಗ್ ಊರಲ್ಲಿ. ತಾಯಿ ಕಡೆ ಅಜ್ಜ-ಅಜ್ಜಿ ಅಲ್ಲಿ ಒಂದು ರೆಪರ್ಟರಿ ನಾಟಕ ಮಂದಿರ, ಅಂದರೆ ಒಂದೇ ತಂಡ ಸರದಿ ಮೇಲೆ ಬೇರೆ ಬೇರೆ ನಾಟಕ ಆಡೋ ಜಾಗ, ನಡೆಸ್ತಿದ್ದರು. ಅಪ್ಪನೂ ನಟ. ಆದರೆ ಬಣ್ಣ ಹಚ್ಚಿ ಸಂಸಾರ ಸಾಗೋದು ಎಲ್ಲೂ ಕಷ್ಟ, ನಮ್ಮ ಕಂಪನಿ ನಾಟಕದವರನ್ನ ಕೇಳಿ ನೋಡಿ. ಅಪ್ಪ ಅಂಚೆ ಹಂಚಿದ್ದೂ ಉಂಟು, ಈಜುಕೊಳ ಕಟ್ಟೋ ಕೆಲಸ ಹಿಡಿದಿದ್ದೂ ಉಂಟು. ಕಷ್ಟದಲ್ಲಿರೋ ನಟರಿಗೆ ನೆರವಾಗೋ ಒಂದು ದತ್ತಿ ಸಂಸ್ಥೆ ಇವರ ಮನೆಗೂ ಕೈ ಹಿಡಿದಿತ್ತು.

ಹನ್ನೊಂದಕ್ಕೆ ಮೇಡನ್‌ಹೆಡ್‌ನ ರೆಡ್‌ರೂಫ್ಸ್ ಅನ್ನೋ ನಾಟಕ ಶಾಲೆ. ಅದಾದ ಮೇಲೆ ಶುಗರ್ ಪಫ್ಸ್ ತಿಂಡಿಯ ಟಿವಿ ಜಾಹೀರಾತು, ಹಳದಿ ಕೂದಲಿನ ಹನಿ ಮಾನ್ಸ್ಟರ್ ಅನ್ನೋ ಗೊಂಬೆ ಜೊತೆ. ಶಾಲೆಯಲ್ಲಿ ಮೈಕಟ್ಟಿನ ಬಗ್ಗೆ ಗೇಲಿ. ದಪ್ಪ ಹುಡುಗಿಯ ಪಾತ್ರಗಳಿಗೆ ತೃಪ್ತಿಪಟ್ಟುಕೊಂಡರೆ ಹೇಗೋ ನಡೆದುಹೋಗುತ್ತೆ ಅಂತ ನಾಟಕದ ಟೀಚರ್ ಒಬ್ಬರು ಹೇಳಿದ್ದರಂತೆ. ಈ ಮಾತನ್ನ ಕೇಟ್ ಮರೆತಿರಲಿಲ್ಲ. 2016ರಲ್ಲಿ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ ಬಾಫ್ಟಾ ಗೆದ್ದ ರಾತ್ರಿ ಅದನ್ನೇ ಎತ್ತಿ ಆಡಿದಳು. ಆ ಟೀಚರ್ ಟಿವಿ ನೋಡ್ತಿದ್ದರೋ ಏನೋ!

1991ರಲ್ಲಿ ಬಿಬಿಸಿಯ ಮಕ್ಕಳ ಧಾರಾವಾಹಿ 'ಡಾರ್ಕ್ ಸೀಸನ್', ಒಟ್ಟು ಆರು ಕಂತು. ಅಲ್ಲಿ ಸ್ಟೀಫನ್ ಟ್ರೆಡ್ರೆ ಅನ್ನೋ ನಟನ ಪರಿಚಯ, ಆಮೇಲೆ ಪ್ರೀತಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ. ಧಾರಾವಾಹಿ ಬಂತು ಅಂತ ಮನೆ ಕಷ್ಟ ತೀರಲಿಲ್ಲ. ದುಡ್ಡಿಲ್ಲದೆ ಹದಿನಾರಕ್ಕೇ ಶಾಲೆ ಬಿಟ್ಟಳು, ತಿಂಡಿ ಅಂಗಡಿ ಸೇರಿದಳು.

ಈಗ ಆ ಫೋನ್ ಕರೆಗೆ ಬರೋಣ.

[ಪರದೆ: ಕ್ರೈಸ್ಟ್‌ಚರ್ಚ್, 1954. ಕಪ್ಪು-ಬಿಳುಪು.]

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1954ರ ಜೂನಲ್ಲಿ ಒಂದು ಕೊಲೆ. ಮಾಡಿದ್ದು ಇಬ್ಬರು ಸ್ಕೂಲ್ ಹುಡುಗೀರು, ಪಾಲೀನ್ ಪಾರ್ಕರ್ ಮತ್ತು ಜೂಲಿಯೆಟ್ ಹ್ಯೂಮ್. ಕೊಂದಿದ್ದು ಪಾಲೀನಳ ಸ್ವಂತ ತಾಯಿಯನ್ನ. ಜೀವದ ಗೆಳತಿಯರನ್ನ ದೂರ ಮಾಡ್ತಾರೆ ಅನ್ನೋ ಸಿಟ್ಟು. ಇಬ್ಬರೂ ಸೇರಿ ತಮ್ಮದೇ ಒಂದು ಕಲ್ಪನೆಯ ರಾಜ್ಯ ಕಟ್ಟಿಕೊಂಡಿದ್ದರು. ರಾಜ, ರಾಣಿ, ಯುದ್ಧ ಎಲ್ಲ ಅದರಲ್ಲಿತ್ತು. ಪಾಲೀನಳ ಡೈರಿಯೇ ಕೋರ್ಟಿಗೆ ಸಾಕ್ಷಿಯಾಯಿತು. ಇನ್ನೂ ಚಿಕ್ಕ ವಯಸ್ಸು ಅಂತ ಗಲ್ಲು ತಪ್ಪಿ, ಸುಮಾರು ಐದು ವರ್ಷ ಜೈಲಾಯಿತು.

ಇದನ್ನ ಸಿನಿಮಾ ಮಾಡೋಕೆ ಹೊರಟವರು ಪೀಟರ್ ಜಾಕ್ಸನ್. ಅವರಿನ್ನೂ 'ಲಾರ್ಡ್ ಆಫ್ ದಿ ರಿಂಗ್ಸ್' ಮಾಡಿರದ ಕಾಲ. ಜೂಲಿಯೆಟ್ ಪಾತ್ರಕ್ಕೆ 175 ಹುಡುಗೀರನ್ನ ನೋಡಿ, ಆರಿಸಿದ್ದು ಕೇಟ್‌ಳನ್ನ. ಜೊತೆಗೆ ಪಾಲೀನ್ ಆಗಿ ಮೆಲನಿ ಲಿನ್ಸ್ಕಿ, ಅದೂ ಸ್ಕೂಲಿಗೆ ಹೋಗ್ತಿದ್ದ ಹುಡುಗಿ. 'ಹೆವನ್ಲಿ ಕ್ರೀಚರ್ಸ್' 1994ರಲ್ಲಿ ಬಂತು.

ಸಿಕ್ಕಿದರೆ ಈ ಸಿನಿಮಾ ನೋಡಿ. ಮೊದಲ ಸಿನಿಮಾ ಮಾಡೋರು ಸಾಮಾನ್ಯವಾಗಿ ಕ್ಯಾಮೆರಾ ಮುಂದೆ ಸ್ವಲ್ಪ ಮುದುಡಿಕೊಂಡಿರ್ತಾರೆ. ಕೇಟ್ ಹಾಗಲ್ಲ. ಜೂಲಿಯೆಟ್ ಕ್ಲಾಸಿಗೆ ಕಾಲಿಟ್ಟ ಮೊದಲ ದಿನವೇ ಫ್ರೆಂಚ್ ಟೀಚರ್ ಮಾಡಿದ ತಪ್ಪನ್ನ ತಿದ್ದುತ್ತಾಳೆ. ಅವಳ ನಗು ಎಲ್ಲಿ ಮುಗಿದು ಕಿರುಚಾಟ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗಲ್ಲ. ಅಲ್ಲಲ್ಲಿ ಅತಿಯಾಯಿತು ಅಂತಲೂ ಅನ್ನಿಸುತ್ತೆ. ಆದರೆ ಆ ಅತಿಯೇ ಆ ಹುಡುಗಿ.

ಒಂದು ವಿಚಿತ್ರ ನೋಡಿ. ಸಿನಿಮಾ ಬಂದ ವರ್ಷವೇ, ನಿಜವಾದ ಜೂಲಿಯೆಟ್ ಎಲ್ಲಿದ್ದಾಳೆ ಅಂತ ಲೋಕಕ್ಕೆ ಗೊತ್ತಾಯಿತು. ಆನ್ ಪೆರ್ರಿ ಅನ್ನೋ ಹೆಸರಲ್ಲಿ ಪತ್ತೇದಾರಿ ಕಾದಂಬರಿ ಬರೆದು ಹೆಸರು ಮಾಡಿದ್ದರು!

ಮುಂದಿನದು 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ', 1995. ಜೇನ್ ಆಸ್ಟೆನ್ ಕಾದಂಬರಿ, ಚಿತ್ರಕಥೆ ಎಮ್ಮಾ ಥಾಂಪ್ಸನ್, ಡೈರೆಕ್ಟರ್ ಆಂಗ್ ಲೀ. ಆ ಕೊಲೆಗಾತಿ ಪಾತ್ರ ನೋಡಿದ್ದ ಲೀಗೆ ಕೇಟ್ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಆಡಿಷನ್‌ಗೆ ಕರೆದಿದ್ದು ಲೂಸಿ ಅನ್ನೋ ಸಣ್ಣ ಪಾತ್ರಕ್ಕೆ. ಇವಳು ಹೋದವಳೇ, ತನ್ನನ್ನ ಕರೆದಿರೋದೇ ಎರಡನೇ ನಾಯಕಿ ಮರಿಯಾನ್ ಪಾತ್ರಕ್ಕೆ ಅನ್ನೋ ಹಾಗೆ ಓದಿಬಿಟ್ಟಳು. ಪಾತ್ರ ಸಿಕ್ಕಿತು. ಅತ್ತರೆ ತಾನೇ ಅಮ್ಮ ಹಾಲು ಕೊಡೋದು.

ಆದರೆ ಲೀ ಬಿಡಲಿಲ್ಲ. ಮೈ ಹದಕ್ಕೆ ಬರಲಿ ಅಂತ ಚೀನಾದ ನಿಧಾನಗತಿಯ ವ್ಯಾಯಾಮ ತಾಯ್‌-ಚಿ ಮಾಡಿಸಿದರು, ಭಯ, ರಹಸ್ಯ ತುಂಬಿದ ಹಳೇ ಗಾಥಿಕ್ ಕಾದಂಬರಿ ಓದಿಸಿದರು, ಪಿಯಾನೋ ಕಲಿಸಿದರು. ಮೊದಲ ಸಿನಿಮಾದಲ್ಲಿ ಉಕ್ಕಿ ಚೆಲ್ಲುತ್ತಿದ್ದದ್ದು ಇಲ್ಲಿ ಪಾತ್ರೆಯೊಳಗೆ ಕುದಿಯುತ್ತೆ. ಬಾಫ್ಟಾ ಬಂತು. ಇಪ್ಪತ್ತಕ್ಕೇ ಆಸ್ಕರ್ ನಾಮನಿರ್ದೇಶನ.

1996ರಲ್ಲಿ ಥಾಮಸ್ ಹಾರ್ಡಿ ಕಾದಂಬರಿಯ 'ಜೂಡ್', ಅದೇ ವರ್ಷ ಶೇಕ್ಸ್‌ಪಿಯರ್ ನಾಟಕದ ನಾಲ್ಕು ಗಂಟೆಯ ಸಿನಿಮಾ 'ಹ್ಯಾಮ್ಲೆಟ್'‌ನಲ್ಲಿ ಒಫೀಲಿಯಾ. ಎಲ್ಲ ಹಳೇ ಕಾಲದ ಕಥೆಗಳೇ. 'ಕಾರ್ಸೆಟ್ ಕೇಟ್' ಅಂತ ಅಡ್ಡಹೆಸರು ಬಿತ್ತು. ಕಾರ್ಸೆಟ್ ಅಂದರೆ ಆ ಕಾಲದ ಹೆಂಗಸರು ಸೊಂಟ ಬಿಗಿಯೋಕೆ ಕಟ್ಟಿಕೊಳ್ತಿದ್ದ ಒಳ ಉಡುಪು.

[ಪರದೆ: ಒಂದು ಕೆಂಪು ಗುಲಾಬಿ.]

ಟೈಟಾನಿಕ್ ಡೈರೆಕ್ಟರ್ ಜೇಮ್ಸ್ ಕ್ಯಾಮರೂನ್ ಇವಳಿಗೆ ರೋಸ್ ಪಾತ್ರ ಕೊಡೋಕೆ ಹಿಂಜರಿದಿದ್ದೂ ಇದಕ್ಕೇ. ಹಳೇ ಕಾಲದ ಕಥೆಗೆ ಮತ್ತೆ ಅದೇ ಕಾರ್ಸೆಟ್ ಕೇಟಾ? ಇವಳು ಬಿಡ್ತಾಳಾ! ಫೋನ್ ಮೇಲೆ ಫೋನ್. ಒಂದು ಗುಲಾಬಿ ಕಳಿಸಿ, ಚೀಟಿಯಲ್ಲಿ 'ನಿಮ್ಮ ರೋಸ್‌ಳಿಂದ' ಅಂತ ಬರೆದಳು.

ಕೇಳಿ ಪಡೆದದ್ದು ಸುಖದ್ದಾಗಿರಲಿಲ್ಲ. ಮೆಕ್ಸಿಕೋದ ರೊಸಾರಿಟೋ ಸಮುದ್ರ ದಂಡೆಯಲ್ಲಿ ದೈತ್ಯ ನೀರಿನ ತೊಟ್ಟಿ, ಅದರಲ್ಲಿ ಹಡಗಿನ ಸೆಟ್. ಮೊಣಕೈ ಮೂಳೆಗೆ ಪೆಟ್ಟಾಯಿತು, ಚಳಿಗೆ ಮೈ ಮರಗಟ್ಟಿತು. ಮುಳುಗಿಯೇ ಹೋದೆ ಅಂತ ನಿಜಕ್ಕೂ ಹೆದರಿದ್ದನ್ನ ಆಮೇಲೆ ಪತ್ರಿಕೆಗೆ ಹೇಳಿಕೊಂಡಳು. ಸಿನಿಮಾಕ್ಕೆ ಆಗಿದ್ದ ಖರ್ಚು ಸುಮಾರು 20 ಕೋಟಿ ಡಾಲರ್. ಗಳಿಕೆಯಲ್ಲಿ 100 ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾನೂ ಅದೇ.

1997ರ ಡಿಸೆಂಬರ್. ಲಾಸ್ ಏಂಜಲೀಸ್‌ನಲ್ಲಿ ಟೈಟಾನಿಕ್ ಪ್ರೀಮಿಯರ್. ನಾಯಕಿ ಇಲ್ಲ. ಸ್ಟೀಫನ್ ಟ್ರೆಡ್ರೆ ನೆನಪಿದೆಯಲ್ಲ? ಇಬ್ಬರೂ ಬೇರೆಯಾಗಿದ್ದರು, ಆದರೂ ಆಪ್ತರೇ. ಮೂಳೆ ಕ್ಯಾನ್ಸರ್‌ನಿಂದ ಆತ ಆಗಷ್ಟೇ ತೀರಿಕೊಂಡಿದ್ದ. ಕೇಟ್ ಲಂಡನ್ನಿನಲ್ಲಿ ಅವನ ಅಂತ್ಯಸಂಸ್ಕಾರದಲ್ಲಿದ್ದಳು.

ಇಪ್ಪತ್ತೆರಡಕ್ಕೆ ಎರಡನೇ ಆಸ್ಕರ್ ನಾಮನಿರ್ದೇಶನ. ಅದೇ ವರ್ಷ, ಮುದುಕಿ ರೋಸ್ ಆಗಿದ್ದ 87ರ ಗ್ಲೋರಿಯಾ ಸ್ಟುವರ್ಟ್‌ಗೂ ನಾಮನಿರ್ದೇಶನ. ಒಂದೇ ಸಿನಿಮಾದ ಒಂದೇ ಪಾತ್ರಕ್ಕೆ ಇಬ್ಬರು! ಹಿಂದೆಂದೂ ಹಾಗಾಗಿರಲಿಲ್ಲ.

ಆಮೇಲೆ ದೊಡ್ಡ ಸಿನಿಮಾ ಹಿಂದೆ ಓಡಲಿಲ್ಲ. ಮೊರಾಕ್ಕೋದಲ್ಲಿ ಎರಡು ಮಕ್ಕಳನ್ನ ಕಟ್ಟಿಕೊಂಡು ಅಲೆಯೋ ತಾಯಿಯ ಸಣ್ಣ ಸಿನಿಮಾ 'ಹಿಡಿಯಸ್ ಕಿಂಕಿ'. 1999ರಲ್ಲಿ ಜೇನ್ ಕ್ಯಾಂಪಿಯನ್ ಅವರ 'ಹೋಲಿ ಸ್ಮೋಕ್', ಅದರಲ್ಲಿ ಭಾರತಕ್ಕೆ ಬಂದು ಒಬ್ಬ ಗುರುವಿಗೆ ಮರುಳಾಗೋ ಆಸ್ಟ್ರೇಲಿಯಾ ಹುಡುಗಿ.

ಟೈಟಾನಿಕ್ ಬಂದು ಎರಡು ವರ್ಷವಾಗಿರಬಹುದು, ಭಾರತಕ್ಕೆ ಬಂದಾಗಿನ ಒಂದು ಪ್ರಸಂಗವನ್ನ ಕೇಟ್ ಸಂದರ್ಶನವೊಂದರಲ್ಲಿ ಹೇಳಿದ್ದುಂಟು. ಹಿಮಾಲಯದ ತಪ್ಪಲಲ್ಲಿ ನಡೀತಾ ಹೋಗ್ತಿದ್ದಳು. ಎದುರಿಗೆ ಊರುಗೋಲು ಹಿಡಿದ ಒಬ್ಬ ಅಜ್ಜ. ಎಂಬತ್ತೈದರ ವಯಸ್ಸು, ಒಂದು ಕಣ್ಣು ಕಾಣಲ್ಲ. ಅವಳನ್ನೇ ದಿಟ್ಟಿಸಿ ನೋಡಿ, "ನೀನು... ಟೈಟಾನಿಕ್" ಅಂದ. ಇವಳು ಹೌದು ಅಂದಳು. ಅಜ್ಜ ಎದೆ ಮೇಲೆ ಕೈಯಿಟ್ಟು ಥ್ಯಾಂಕ್ಯೂ ಅಂದ.

ಅವಳು ಅಲ್ಲೇ ಅತ್ತುಬಿಟ್ಟಳಂತೆ.