400 ಸಾಕಾ, 600 ಬೇಕಾ? ಉತ್ತರ ಲೆನ್ಸಿನ ಮುಂಗಾಜಲ್ಲೇ ಇದೆ

[ದೃಶ್ಯ: ಹೆಬ್ಬಾಳ ಕೆರೆ, ಬೆಳಗಿನ ಹೊತ್ತು. ನೀರಿನಾಚೆ ಒಂದು ಒಣ ಕೊಂಬೆ, ಅದರ ತುದಿಯಲ್ಲಿ ನೀಲಿ ಚುಕ್ಕೆ.]

ಆ ನೀಲಿ ಚುಕ್ಕೆ ಮಿಂಚುಳ್ಳಿ. ಕೆರೆ ಏರಿಯಿಂದ ಕೊಂಬೆಗೆ 20 ಮೀಟರ್ ಅಂತಿಟ್ಕೊಳ್ಳಿ. ಮಧ್ಯೆ ನೀರು, ಹತ್ತಿರ ಹೋಗೋ ಹಾಗಿಲ್ಲ. ಹಕ್ಕಿ ಫೋಟೋಗ್ರಫಿ ಶುರು ಮಾಡಿದ ಪ್ರತಿಯೊಬ್ಬರ ಪ್ರಶ್ನೆ ಹುಟ್ಟೋದು ಇಲ್ಲೇ: ಜೂಮ್ ಲೆನ್ಸ್ ತಗೊಳ್ಳೋದಾದ್ರೆ 400 ಎಂಎಂ ಸಾಕಾ, 600 ಬೇಕಾ? ಬನ್ನಿ, ಲೆಕ್ಕ ಹಾಕೇ ಬಿಡೋಣ.

ಫೋಕಲ್ ಲೆಂತ್, ಅಪರ್ಚರ್ ಏನು ಅಂತ ನಿಮಗೆ ಗೊತ್ತು, ಅದನ್ನ ವಿವರಿಸ್ತಾ ಕೂರಲ್ಲ. ಇವತ್ತಿಗೆ ಬೇಕಿರೋದು ಒಂದೇ ಸೂತ್ರ. ಸೆನ್ಸರ್ ಅಗಲವನ್ನ ದೂರದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ಅಷ್ಟು ದೂರದಲ್ಲಿ ಎಷ್ಟು ಅಗಲದ ಜಾಗ ನಿಮ್ಮ ಫ್ರೇಮಿನೊಳಗೆ ಬರುತ್ತೆ ಅಂತ ಸಿಗುತ್ತೆ.

[ಪರದೆ ಮೇಲೆ: 36 × 20 ÷ 600 = 1.2 ಮೀಟರ್]

ಫುಲ್ ಫ್ರೇಮ್ ಸೆನ್ಸರ್ ಅಗಲ 36 ಎಂಎಂ. 20 ಮೀಟರ್ ದೂರಕ್ಕೆ 600 ಎಂಎಂ ಹಾಕಿದ್ರೆ ಫ್ರೇಮಿನಲ್ಲಿ ಬರೋದು 1.2 ಮೀಟರ್ ಅಗಲ. 400 ಹಾಕಿದ್ರೆ 1.8 ಮೀಟರ್. ಎದೆ ಬೆಳ್ಳಗಿರೋ ಆ ಮಿಂಚುಳ್ಳಿ ಉದ್ದ ಸುಮಾರು 28 ಸೆಂಟಿಮೀಟರ್. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತೆ. ಅಂದ್ರೆ 600ರಲ್ಲಿ ಹಕ್ಕಿಗೆ 1400 ಪಿಕ್ಸೆಲ್ ಸಿಕ್ತು, 400ರಲ್ಲಿ 930 ಚಿಲ್ಲರೆ. ವಾಟ್ಸಾಪ್‌ಗೆ 930 ಧಾರಾಳ. ಪ್ರಿಂಟ್ ಹಾಕಿಸಿ ಗೋಡೆಗೆ ನೇತುಹಾಕಬೇಕು, ರೆಕ್ಕೆಯ ಒಂದೊಂದು ಎಳೆನೂ ಕಾಣಬೇಕು ಅಂದ್ರೆ 1400 ಬೇಕೇ ಬೇಕು.

ನಿಮ್ಮದು ಎಪಿಎಸ್-ಸಿ, ಅಂದ್ರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ ಕ್ಯಾಮೆರಾನಾ? ಹಾಗಿದ್ರೆ ಸೆನ್ಸರ್ ಅಗಲ 24 ಎಂಎಂ ಹತ್ತಿರ. 400 ಎಂಎಂನಲ್ಲೇ 1.2 ಮೀಟರ್ ಬಂತು. ಅದೂ 24 ಮೆಗಾಪಿಕ್ಸೆಲ್ ಆಗಿದ್ರೆ ಹಕ್ಕಿಗೆ ಅದೇ 1400 ಪಿಕ್ಸೆಲ್. ಅರ್ಧಕ್ಕರ್ಧ ಜನರ ಪ್ರಶ್ನೆ ಇಲ್ಲಿಗೇ ಮುಗೀಬೇಕು.

ಇನ್ನೂ ಬೇಕು ಅನ್ನೋರಿಗೆ ಈಗ ನನಗೆ ತುಂಬಾ ಇಷ್ಟವಾದ ಸಂಗತಿ.

[ದೃಶ್ಯ: ಮೂರು ಲೆನ್ಸಿನ ಮುಂಭಾಗ ಪಕ್ಕಪಕ್ಕದಲ್ಲಿ. ಮೂರರ ಮೇಲೂ 95 ಅನ್ನೋ ಅಂಕಿ.]

ಸಿಗ್ಮಾ 150-600, ಸೋನಿ 200-600, ನಿಕಾನ್ ಝಡ್ 180-600. ಮೂರು ಕಂಪನಿ, ಮೂರು ವಿನ್ಯಾಸ, ಆದ್ರೂ ಮೂರಕ್ಕೂ 95 ಎಂಎಂ ಫಿಲ್ಟರ್. ಇವರೇನು ಮಾತಾಡಿಕೊಂಡು ಮಾಡಿದ್ರಾ? ಕ್ಯಾಲ್ಕುಲೇಟರ್ ತಗೊಳ್ಳಿ. 600 ಭಾಗಿಸು 6.3. ಬಂದಿದ್ದು 95.2.

ಎಫ್ ಸಂಖ್ಯೆ ಅನ್ನೋದೇ ಒಂದು ಭಾಗಾಕಾರ: ಫೋಕಲ್ ಲೆಂತ್‌ ಅನ್ನು ಬೆಳಕು ಒಳಗೆ ಬರೋ ಕಿಂಡಿಯ ಅಗಲದಿಂದ ಭಾಗಿಸೋದು. 600 ಎಂಎಂಗೆ ಎಫ್ 6.3 ಬೇಕು ಅಂದ್ರೆ ಮುಂದೆ 95 ಎಂಎಂ ಕಿಂಡಿ ಇರಲೇಬೇಕು, ಯಾವ ಎಂಜಿನಿಯರ್ ಬಂದ್ರೂ ತಪ್ಪಿಸೋಕಾಗಲ್ಲ. 95 ಎಂಎಂ ಅಂದ್ರೆ ಹೆಚ್ಚು ಕಡಿಮೆ ಒಂದು ಮಾಮೂಲಿ ಇಡ್ಲಿ. ಅದೇ 600ಕ್ಕೆ ಎಫ್ 4 ಕೇಳಿ, 150 ಎಂಎಂ ಬೇಕು: ಬಿಡದಿ ತಟ್ಟೆ ಇಡ್ಲಿ! ಇಡ್ಲಿಯಿಂದ ತಟ್ಟೆ ಇಡ್ಲಿಗೆ ಹೋದಾಗ ಗಾಜಿನ ವಿಸ್ತೀರ್ಣ ಎರಡೂವರೆ ಪಟ್ಟು, ಬೆಳಕೂ ಎರಡೂವರೆ ಪಟ್ಟು, ತೂಕ 2 ಕೆಜಿಯಿಂದ 3 ಕೆಜಿ ದಾಟುತ್ತೆ. ಬೆಲೆಯಂತೂ ಕಾರಿನ ಲೆಕ್ಕಕ್ಕೆ ಹೋಗುತ್ತೆ.

ಈಗ ಇದೇ ಭಾಗಾಕಾರ ಹಿಡ್ಕೊಂಡು ಅಂಗಡಿ ಕಪಾಟನ್ನ ನೋಡಿ, ಪ್ರತಿ ಲೆನ್ಸೂ ತನ್ನ ಗುಟ್ಟು ಬಿಟ್ಟುಕೊಡುತ್ತೆ. ಕ್ಯಾನನ್ ಆರ್‌ಎಫ್ 100-500 ಯಾಕೆ ಬರೀ 1.37 ಕೆಜಿ? ಅದು ಕೊನೇ ತುದಿಯಲ್ಲಿ ಎಫ್ 7.1. 500 ಭಾಗಿಸು 7.1, ಕಿಂಡಿ 70 ಎಂಎಂ ಅಷ್ಟೇ. ಆರ್‌ಎಫ್ 100-400 ಇನ್ನೂ ಹಗುರ, 635 ಗ್ರಾಂ, ಎಫ್ 8, ಕಿಂಡಿ 50 ಎಂಎಂ. ಆರ್‌ಎಫ್ 200-800 ಅಂದ ತಕ್ಷಣ ಬಾಯಲ್ಲಿ ನೀರೂರುತ್ತೆ. ಆದ್ರೆ 800ರಲ್ಲಿ ಅದು ಎಫ್ 9, ಕಿಂಡಿ 89 ಎಂಎಂ. ಸೋನಿ 600ಕ್ಕಿಂತ ಚಿಕ್ಕದು! ಉದ್ದ ಜಾಸ್ತಿ ಆಯ್ತು, ಬೆಳಕು ಒಂದು ಸ್ಟಾಪ್, ಅಂದ್ರೆ ಅರ್ಧಕ್ಕರ್ಧ, ಹೋಯ್ತು.

ಇನ್ನೊಂದು ಗಮನಿಸಿ. ಸಿಗ್ಮಾ 150-600ಅನ್ನ 150ಕ್ಕೆ ತಂದ್ರೆ ಎಫ್ 5, ಅಂದ್ರೆ 30 ಎಂಎಂ ಕಿಂಡಿ ಸಾಕು. ಆ ದೊಡ್ಡ ಮುಂಗಾಜು ಇರೋದೆಲ್ಲ ಉದ್ದದ ತುದಿಗೋಸ್ಕರ. ನಿಮ್ಮ ಫೋಟೋಗಳು ಹೆಚ್ಚಾಗಿ 300ರ ಆಸುಪಾಸಲ್ಲೇ ಇದ್ರೆ, ಎರಡು ಲೀಟರ್ ನೀರಿನ ತೂಕವನ್ನ ದಿನವಿಡೀ ಸುಮ್ಮನೆ ಹೊರ್ತೀರಿ. ರಂಗನತಿಟ್ಟಿಗೆ ಹೋಗಿ ನೋಡಿ. ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತೆ. 200ರಿಂದ ಶುರುವಾಗೋ ಲೆನ್ಸಲ್ಲಿ ಬಣ್ಣದ ಕೊಕ್ಕರೆಯ ರೆಕ್ಕೆ ಫ್ರೇಮಿನಾಚೆ ಹೋಗುತ್ತೆ. ಅಲ್ಲಿಗೆ 100-400 ಚಿನ್ನ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಬಂಡೆ ಮೇಲೆ ದೂರದಲ್ಲಿ ಕೂತಿದ್ರೆ 600 ಕೂಡ ಗಿಡ್ಡ.

[ದೃಶ್ಯ: ಮೋಡ ಕವಿದ ಆಕಾಶ, ಹಾರುತ್ತಿರೋ ಹೆಜ್ಜಾರ್ಲೆ.]

ಬೆಳಕಿನ ವಿಷಯ. ಹಾರೋ ಹಕ್ಕಿಗೆ ಶಟರ್ 1/2000 ಇಟ್ಕೊಳ್ಳಿ. ಒಳ್ಳೆ ಬಿಸಿಲಲ್ಲಿ ಎಫ್ 6.3ಕ್ಕೆ ಐಎಸ್‌ಒ 400 ಹತ್ತಿರ ಸಾಕು (ಬೆಳಕು ಕಡಿಮೆ ಇದ್ದಷ್ಟೂ ಏರಿಸಬೇಕಾದ ಸೆನ್ಸರ್ ಸೆಟ್ಟಿಂಗ್ ಇದು). ಜುಲೈನ ನಮ್ಮ ಬೆಂಗಳೂರು ಮೋಡದಲ್ಲಿ ಮೂರು ಸ್ಟಾಪ್ ಕಳ್ಕೊಂಡ್ರೆ 3200. ಅದೇ ಎಫ್ 9 ಲೆನ್ಸಾದ್ರೆ 6400. ಜೊತೆಗೆ ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಸೂರ್ಯ ಬೇಗ ಬೇಗ ಮೇಲೇರ್ತಾನೆ; ಆ ಹೊಂಬಣ್ಣದ ಬೆಳಕು ಸಿಗೋದೇ ಅರ್ಧ ಗಂಟೆ. ಹಾಗಾಗಿ ನೀವು ಸೂರ್ಯ ಹುಟ್ಟೋ ಹೊತ್ತಿಗೇ ಕೆರೆ ಹತ್ತಿರ ಇರೋರಾದ್ರೆ ದೊಡ್ಡ ಕಿಂಡಿಗೆ ದುಡ್ಡು ಹಾಕಿ. ಎಂಟೂವರೆಗೆ ತಿಂಡಿ ಮುಗಿಸಿ ಹೊರಡೋರಾದ್ರೆ ಹಗುರ ಲೆನ್ಸೇ ಸರಿ. ಲೆನ್ಸಿನೊಳಗಿನ ಸ್ಟೆಬಿಲೈಸರ್ ನಿಮ್ಮ ಕೈ ನಡುಕ ನಿಲ್ಲಿಸುತ್ತೆ, ಹಕ್ಕಿಯ ರೆಕ್ಕೆಯನ್ನಲ್ಲ. ಐದೂವರೆ ಸ್ಟಾಪ್ ಅಂತ ಡಬ್ಬದ ಮೇಲೆ ಬರೆದಿದ್ರೂ 1/2000 ಬೇಕೇ ಬೇಕು.

ಹತ್ತು ಗಂಟೆ ಮೇಲೆ ಇನ್ನೊಂದು ತೊಂದರೆ, ಇದರ ಹೊಡೆತಕ್ಕೆ ಎಷ್ಟೋ ಒಳ್ಳೆ ಲೆನ್ಸ್‌ಗಳು ವಾಪಸ್ ಹೋಗ್ತವೆ. ಕಾದ ನೆಲದಿಂದ ಬಿಸಿ ಗಾಳಿ ಏಳುತ್ತೆ, ದೂರದ ಹಕ್ಕಿ ನೀರೊಳಗೆ ಇದ್ದ ಹಾಗೆ ಅಲುಗುತ್ತೆ, ಫೋಟೋ ಮಸುಕು. ಹೆಸರಘಟ್ಟದ ಹುಲ್ಲುಗಾವಲಲ್ಲಿ ಮಧ್ಯಾಹ್ನ 80 ಮೀಟರ್ ಆಚೆ ಕೂತ ಹಕ್ಕಿಯನ್ನ ಯಾವ ಲೆನ್ಸಿಂದ್ಲೂ ಚೂಪಾಗಿ ತೆಗೆಯೋಕಾಗಲ್ಲ. ಕಾರಲ್ಲಿ ಎಸಿ ಹಾಕಿ ಕಿಟಕಿಯಿಂದ ಲೆನ್ಸ್ ಹೊರಗಿಟ್ರೂ ಇದೇ ಕಥೆ, ತಂಪು ಗಾಳಿ ಬಿಸಿ ಗಾಳಿ ಲೆನ್ಸಿನ ಮುಂದೇನೇ ಬೆರೆಯುತ್ತೆ. ಲೆನ್ಸ್ ಸರಿ ಇಲ್ಲ ಅನ್ನಿಸಿದ್ರೆ, ಬೆಳಿಗ್ಗೆ ತಂಪಲ್ಲಿ 10 ಮೀಟರ್ ದೂರಕ್ಕೆ ದಿನಪತ್ರಿಕೆ ಅಂಟಿಸಿ, ಟ್ರೈಪಾಡ್ ಮೇಲಿಟ್ಟು ತೆಗೀರಿ. ಅಕ್ಷರ ಚೂಪಾಗಿ ಬಂದ್ರೆ ತಪ್ಪು ಗಾಳಿದು.

ವಿಡಿಯೋ ಉದ್ದ ಆಗ್ತಿದೆ, ಮಿಕ್ಕಿದ್ದೆಲ್ಲ ಒಟ್ಟಿಗೆ ಹೇಳಿಬಿಡ್ತೀನಿ.

ಸೋನಿ 200-600, ನಿಕಾನ್ 180-600 ಜೂಮ್ ಮಾಡಿದ್ರೂ ಉದ್ದ ಆಗಲ್ಲ. ಹಾಗಾಗಿ ತೂಕ ಮುಂದಕ್ಕೆ ಜರುಗಲ್ಲ, ಧೂಳು ಎಳೆದುಕೊಳ್ಳೋದೂ ಕಡಿಮೆ. ಸಿಗ್ಮಾ, ಟ್ಯಾಮ್ರಾನ್ ಹೊರಗೆ ಚಾಚುತ್ತೆ, ಆದ್ರೆ ಬ್ಯಾಗಲ್ಲಿ ಚಿಕ್ಕದಾಗಿ ಕೂರುತ್ತೆ. ಸೋನಿ ಕ್ಯಾಮೆರಾಗೆ ಇವೆರಡರ ಲೆನ್ಸ್ ಹಾಕಿದ್ರೆ ಸೆಕೆಂಡಿಗೆ 15 ಫ್ರೇಮ್ ದಾಟಲ್ಲ, ಟೆಲಿಕನ್ವರ್ಟರೂ (ಲೆನ್ಸಿಗೂ ಕ್ಯಾಮೆರಾಗೂ ಮಧ್ಯೆ ಸೇರಿಸಿ ಫೋಕಲ್ ಲೆಂತ್ ಹೆಚ್ಚಿಸೋ ಪುಟ್ಟ ಲೆನ್ಸ್) ಇಲ್ಲ. ಟೆಲಿಕನ್ವರ್ಟರ್ ಆಸೆ ಇದ್ರೆ ಲೆಕ್ಕ ನೆನಪಿರಲಿ: 1.4 ಹಾಕಿದ ಕೂಡಲೇ ಎಫ್ 6.3 ಹೋಗಿ ಎಫ್ 9 ಆಗುತ್ತೆ. ಮಿರರ್‌ಲೆಸ್ ಹೇಗೋ ಫೋಕಸ್ ಮಾಡುತ್ತೆ, ಡಿಎಸ್‌ಎಲ್‌ಆರ್ ಕೈ ಚೆಲ್ಲುತ್ತೆ. ಅಗ್ಗದ ಯುವಿ ಫಿಲ್ಟರ್ ಹಾಕ್ಬೇಡಿ, 600 ಎಂಎಂನಲ್ಲಿ ಅದು ಚೂಪನ್ನ ತಿಂದುಹಾಕುತ್ತೆ. ಹುಡ್ ಹಾಕಿ, ಅದೇ ರಕ್ಷಣೆ.

[ದೃಶ್ಯ: ಕತ್ತಲೆ ಕೋಣೆ, ಲೆನ್ಸಿನ ಹಿಂದಿಂದ ಮೊಬೈಲ್ ಟಾರ್ಚ್ ಬೆಳಕು.]

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಕತ್ತಲೆಯಲ್ಲಿ ಹೀಗೆ ಹಿಂದಿಂದ ಟಾರ್ಚ್ ಬಿಟ್ಟು, ಮುಂದಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ರೆ ಪರವಾಗಿಲ್ಲ. ಜೇಡರ ಬಲೆ ತರ ಎಳೆ ಕಂಡ್ರೆ ಅದು ಫಂಗಸ್, ಎಷ್ಟೇ ಕಡಿಮೆಗೆ ಕೊಟ್ರೂ ಬೇಡ. ಆಮೇಲೆ ಪೂರ್ತಿ 600ಕ್ಕೆ ಎಳೆದು ಇಟ್ಟಿಗೆ ಗೋಡೆಯ ಫೋಟೋ ತೆಗೀರಿ, ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದೇ ಮೂಲೆ ಮಸುಕಾಗಿದ್ರೆ ಒಳಗಿನ ಗಾಜು ಜರುಗಿದೆ, ಲೆನ್ಸ್ ಯಾವತ್ತೋ ಬಿದ್ದಿರಬಹುದು. ಮನೆಗೆ ತಂದ ಮೇಲೆ ಡ್ರೈ ಕ್ಯಾಬಿನೆಟ್ಟಲ್ಲಿ ತೇವಾಂಶ 40ರಿಂದ 50 ಪರ್ಸೆಂಟ್ ಒಳಗಿರಲಿ. ಅದಿಲ್ಲ ಅಂದ್ರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಕಾಳಿನ ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ನೋಡಿ.